ನಕಲೂ ಪ್ರತಿಯೂ

ಮೋಟಾರು ಕಾರಿನ ಅವಯವಗಳಲ್ಲಿ ಸೈಲೆನ್ಸರಿನಷ್ಟು ಅನಾದರಕ್ಕೆ ಗುರಿಯಾದದ್ದು ಇನ್ನೊಂದಿಲ್ಲ. ಕಾರು ನೋಡಬಂದವರು ಬಣ್ಣ ಕಂಡು ತಲೆದೂಗುತ್ತಾರೆ. ಬಾನೆಟ್ಟು ಎತ್ತಿಸಿ, ಏನೂ ಅರ್ಥವಾಗದಿದ್ದರೂ, ಎಂಜಿನ್ನಿನ ಮುಂದೆ ಗಂಭೀರವಾಗಿ ನಿಲ್ಲುತ್ತಾರೆ. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಾರ, ಗಾಜಿಗೆ ವಿಭೂತಿ, ಸ್ಟಿಯರಿಂಗಿಗೆ ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು. ಸೈಲೆನ್ಸರಿಗೆ ಒಂದು ಎಸಳು ಹೂವಿಟ್ಟವರನ್ನು ನಾನು ಕಂಡಿಲ್ಲ. ಅದು ಹೊಟ್ಟೆಯ ಕೆಳಗೆ ಕೆಸರಿಗೂ ಕಲ್ಲಿಗೂ ಮೈಯೊಡ್ಡಿಕೊಂಡು, ಎಂಜಿನ್ನಿನ ಬೆಂಕಿಯುಸಿರನ್ನು ತಾನು ನುಂಗಿ, ಅದರ ಅಬ್ಬರವನ್ನು ಗೊಣಗಾಟಕ್ಕೆ ಇಳಿಸಿ, ಹಿಂದಿನ ಬಾಗಿಲಿನಿಂದ ಮೆಲ್ಲಗೆ ಹೊರಗೆ ಬಿಡುತ್ತದೆ. ಅದು ಇದೆಯೆಂಬುದು ನಮಗೆ ತಿಳಿಯುವುದು ಅದು ಕೆಟ್ಟ ದಿನ. ತುಂಬಿದ ಮನೆಗಳಲ್ಲಿಯೂ ಇಂಥವರು ಒಬ್ಬಿಬ್ಬರು ಇರುತ್ತಾರೆ. ಅವರು ನಾಲ್ಕು ದಿನ ಊರಿಗೆ ಹೋದಾಗಲೇ ಮನೆಯ ಗದ್ದಲ ಎಷ್ಟೆಂಬುದು ಉಳಿದವರಿಗೆ ಗೊತ್ತಾಗುವುದು.

ನಮ್ಮಲ್ಲಿ 1966ರ ಫಿಯೆಟ್ 1100 ಡಿಲೈಟ್ ಕಾರೊಂದಿದೆ. ತಂದೆಯವರು ಹೆಸರು ಬರೆಸಿ, ವರ್ಷಗಟ್ಟಲೆ ಕಾದು ಪಡೆದದ್ದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಇದನ್ನು ತಯಾರಿಸುತ್ತಿತ್ತು. ಆ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ವಾಲ್‌ಚಂದ್ ಹೀರಾಚಂದ್. ಅದಕ್ಕೂ ಮೊದಲು, ಮೋಟಾರು ಕಾರ್ಖಾನೆಯೊಂದು ನಮ್ಮ ಮೈಸೂರು ಸಂಸ್ಥಾನದಲ್ಲಿಯೇ ಆಗಬೇಕೆಂದು ವಿಶ್ವೇಶ್ವರಯ್ಯನವರು ಬಹಳ ಶ್ರಮಪಟ್ಟಿದ್ದರು. ಆ ಭಾಗ್ಯ ಕೂಡಿಬರಲಿಲ್ಲ. ಬಂದಿದ್ದರೆ ನನ್ನ ಸೈಲೆನ್ಸರಿಗಾಗಿ ಇಷ್ಟು ಅಲೆಯಬೇಕಾಗಿರಲಿಲ್ಲವೇನೋ ಎಂಬ ಸ್ವಾರ್ಥದ ವಿಚಾರ ನನ್ನ ತಲೆಯಲ್ಲಿ ಸುಳಿದದ್ದುಂಟು.

ಹಳೆಯ ಕಾರನ್ನು ಹಳೆಯ ಹಾಗೆಯೇ ಮಾಡುವುದೆಂದರೆ ಹೊಸದನ್ನು ಕೊಳ್ಳುವುದಕ್ಕಿಂತ ದೊಡ್ಡ ಸಂಸಾರ. ಬಣ್ಣ ಬಂತು, ಸೀಟಿನ ಹೊದಿಕೆ ಬಂತು, ದೀಪಗಳ ಗಾಜು ಕೂಡ ಎಲ್ಲಿಂದಲೋ ಬಂತು. ಕೊನೆಗೆ ಉಳಿದದ್ದು ಹೊಗೆಯ ಕೊಳವೆ ಮತ್ತು ಸೈಲೆನ್ಸರು. ಕಾರಿನಲ್ಲಿ ಇದ್ದದ್ದು ಮೇಲೆ ಕಪ್ಪಗೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೆರಳಿನಿಂದ ಒತ್ತಿದರೆ ಹಪ್ಪಳ. ಸೈಲೆನ್ಸರು ಕೆಡುವುದು ಹೊರಗಿನ ಮಳೆಯಿಂದಲ್ಲ, ಒಳಗಿನ ನೀರಿನಿಂದ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆಂದು ಹೇಳಿದರೆ ನಂಬುವವರು ಕಡಿಮೆ, ಆದರೆ ರಸಾಯನಶಾಸ್ತ್ರದ ಲೆಕ್ಕ ಹಾಗೆಯೇ ಇದೆ. ಕೊಳವೆ ಚೆನ್ನಾಗಿ ಕಾದಾಗ ಅದು ಆವಿಯಾಗಿ ಹೋಗುತ್ತದೆ. ತರಕಾರಿಗೆಂದು ಗಾಂಧಿಬಜಾರಿನವರೆಗೆ ಹೋಗಿ ಬಂದರೆ ಕೊಳವೆ ಕಾಯುವುದೇ ಇಲ್ಲ. ನೀರು ಸೈಲೆನ್ಸರಿನ ಹೊಟ್ಟೆಯಲ್ಲಿ ನಿಂತು, ಹೊಗೆಯೊಳಗಿನ ಆಮ್ಲಗಳೊಡನೆ ಸೇರಿ, ತಗಡನ್ನು ಒಳಗಿನಿಂದ ತಿನ್ನುತ್ತದೆ. ಆದುದರಿಂದ ಸೈಲೆನ್ಸರು ಎಂಬುದು ಸವೆದುಹೋಗುವುದಕ್ಕೆಂದೇ ಹುಟ್ಟಿದ ವಸ್ತು. ನಮ್ಮ ಕಾರಿನ ಜೊತೆ ಕಾರ್ಖಾನೆಯಿಂದ ಬಂದ ಸೈಲೆನ್ಸರು ನಾನು ಚಡ್ಡಿ ಹಾಕುತ್ತಿದ್ದ ದಿನಗಳಲ್ಲಿಯೇ ಗುಜರಿಯ ಪಾಲಾಗಿತ್ತು. ಆಮೇಲೆ ಎಷ್ಟು ಬಂದವೋ, ಎಷ್ಟು ಹೋದವೋ ಲೆಕ್ಕವಿಟ್ಟವರಿಲ್ಲ.

ಅಲ್ಲಿಗೆ ಒಂದು ವಿಚಿತ್ರವಾದ ಪ್ರಶ್ನೆ ಎದ್ದಿತು. ನಾನು ಹುಡುಕುತ್ತಿರುವುದು ಅಸಲನ್ನಲ್ಲ. ಅಸಲು ಇಲ್ಲವೇ ಇಲ್ಲ. ಹುಡುಕುತ್ತಿರುವುದು ನಕಲನ್ನು. ಆದರೆ ಅದು ಅಸಲಾದ ನಕಲಾಗಿರಬೇಕು!

ಈ ಸೂಕ್ಷ್ಮವನ್ನು ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಬಿಡಿಸಿ ಹೇಳಲು ಹೋದೆ.

“ಒರಿಜಿನಲ್ ಬೇಕೋ ಸಾರ್, ಡುಪ್ಲಿಕೇಟ್ ಬೇಕೋ?” ಎಂದರು ಅಂಗಡಿಯವರು.

“ಒರಿಜಿನಲ್ ಇದ್ದರೆ ಅದೇ ಕೊಡಿ.”

“ಒರಿಜಿನಲ್‌ನಲ್ಲಿ ಕಂಪನಿ ಒರಿಜಿನಲ್ಲೋ, ಡೆಲ್ಲಿ ಒರಿಜಿನಲ್ಲೋ?”

“ಕಂಪನಿ ಫಿಯೆಟ್ಟು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತಲ್ಲ, ಅವರೇ?”

“ಅದಕ್ಕೇ ಸಾರ್ ರೇಟು ಜಾಸ್ತಿ!”

ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಒಳಗಿನಿಂದ ಬಂದ ‘ಕಂಪನಿ ಒರಿಜಿನಲ್ಲ’ನ್ನು ನೋಡಿದೆ. ಫಿಯೆಟ್ಟಿಗೂ ಹಾಕಬಹುದು, ಇನ್ನು ನಾಲ್ಕು ಜಾತಿಯ ಕಾರಿಗೂ ಹಾಕಬಹುದು, ಬೇಕಾದರೆ ನೀರೆತ್ತುವ ಪಂಪಿಗೂ ಹಾಕಬಹುದು, ಅಂಥ ಸರ್ವಸಮಭಾವದ ಡಬ್ಬಿ ಅದು. ಅವರನ್ನು ದೂರುವುದಕ್ಕಿಲ್ಲ. ನಮ್ಮ ಡಿಲೈಟಿನ ವಂಶದ್ದೇ ಆದ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯಲ್ಲಿ ಸಾವಿರಗಟ್ಟಲೆ ಓಡುತ್ತಿದ್ದಷ್ಟು ಕಾಲ ಅವಕ್ಕೆ ಸೈಲೆನ್ಸರು ಮಾಡುವವರಿಗೂ ಅನ್ನವಿತ್ತು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳ ಓಡಾಟ ಮುಗಿಯಿತು. ಇನ್ನು ನನ್ನಂಥ ಒಬ್ಬಿಬ್ಬರಿಗಾಗಿ ಯಾರು ತಾನೆ ಅಚ್ಚು ಕಾಯ್ದಿಡುತ್ತಾರೆ?

ಇನ್ನೊಂದು ಕಡೆ, ಅಂಗಳವೆಲ್ಲ ಹೊಳೆಯುವ ಆಧುನಿಕ ವರ್ಕ್‌ಷಾಪಿನಲ್ಲಿ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಕೊಡುತ್ತೇವೆಂದರು. “ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಕ್ಕು ಹಿಡಿಯೋಲ್ಲ” ಎಂದು ಆಶ್ವಾಸನೆ ಕೊಟ್ಟರು. ವಿವೇಕಿಗಳು ಅಲ್ಲಿಯೇ ಒಪ್ಪಿ ಬರುತ್ತಿದ್ದರು. ಆದರೆ ಆ ಕಾಲದ ಫಿಯೆಟ್ಟಿನ ಕೆಳಗೆ ಬೆಳ್ಳಿಯ ಪಂಚಪಾತ್ರೆಯಂತೆ ಹೊಳೆಯುವ ವಸ್ತು ಯಾವುದೂ ಇರಲಿಲ್ಲ. ಅದಲ್ಲದೆ ಸ್ಟೇನ್‌ಲೆಸ್ ಕೊಳವೆಯ ನಾದವೇ ಬೇರೆ. ಸ್ಟೀಲು ಲೋಟಕ್ಕೂ ಹಿತ್ತಾಳೆಯ ಲೋಟಕ್ಕೂ ಚಮಚ ತಾಗಿಸಿದಾಗ ಆಗುವ ವ್ಯತ್ಯಾಸದ ಹಾಗೆ.

ಇದೇನು ಹುಚ್ಚು ಎಂದು ಓದುಗರು ಕೇಳಬಹುದು. ಹುಚ್ಚೇ, ಆದರೆ ಲೋಕದಲ್ಲಿ ಇದಕ್ಕೆ ಸಂಗಾತಿಗಳಿಗೆ ಕೊರತೆಯಿಲ್ಲ. ಅಮೆರಿಕದಲ್ಲಿ ಕಾರ್ವೆಟ್ ಎಂಬ ಕಾರಿನ ಭಕ್ತರು 1974ರಲ್ಲಿ ಕಟ್ಟಿಕೊಂಡ ಸಂಘವೊಂದಿದೆ. ಅದರ ಪರೀಕ್ಷಕರು ಅಂಗಾತ ಮಲಗಿ, ಟಾರ್ಚು ಹಿಡಿದು, ಕೊಳವೆ ಕಾರ್ಖಾನೆಯಲ್ಲಿ ಬಾಗಿಸಿದ ಹಾಗೆಯೇ ಬಾಗಿದೆಯೇ ಎಂದು ನೋಡಿ ಅಂಕ ಕೊಡುತ್ತಾರೆ. ಅಲ್ಲಿ ಹೆಚ್ಚು ಅಂದವಾಗಿ ಮಾಡಿದರೂ ಅಂಕ ಹೋಗುತ್ತದೆ! ಹಿಂದಿನ ಕಾರ್ಖಾನೆಗಳು ಸಾಮಾನ್ಯವಾಗಿ ಕೊಳವೆಯನ್ನು ಯಂತ್ರದಿಂದ ಒತ್ತಿ ಬಾಗಿಸುತ್ತಿದ್ದವು. ತಿರುವಿನ ಒಳಮಗ್ಗುಲು ಸ್ವಲ್ಪ ಚಪ್ಪಟೆಯಾಗುತ್ತಿತ್ತು. ಈಗಿನ ಒಳ್ಳೆಯ ಯಂತ್ರಗಳು ಕೊಳವೆಯ ಒಳಗೆ ಆಸರೆ ಕೊಟ್ಟು ಬಾಗಿಸುವುದರಿಂದ ಎಲ್ಲೆಡೆಯೂ ದುಂಡಗೆ ನುಣ್ಣಗೆ ಬರುತ್ತದೆ. ಅದು ಉತ್ತಮವಾದ ಕೆಲಸ, ಆದರೆ ಸುಳ್ಳು ಕೆಲಸ. ಹಳೆಯದರ ಪ್ರತಿ ಬೇಕೆಂದವನು ಹಳೆಯದರ ಕುಂದನ್ನೂ ಗೌರವದಿಂದ ಪ್ರತಿಮಾಡಬೇಕಾಗುತ್ತದೆ.

ನಮ್ಮ ಸರ್ಕಾರವೂ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ಮಾಡಿದೆ. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಮುಖ್ಯವಾದ ಷರತ್ತೆಂದರೆ ವಾಹನ ಮೂಲ ಸ್ವರೂಪದಲ್ಲಿರಬೇಕು. ‘ಮೂಲ ಸ್ವರೂಪ’ ಎಂಬ ಎರಡು ಶಬ್ದಗಳನ್ನು ಬರೆಯುವುದು ಸುಲಭ. ಅದರ ಅರ್ಥ ಹುಡುಕಿಕೊಂಡು ಗುಜರಿ ಓಣಿಗಳನ್ನು ಸುತ್ತುವವನಿಗೆ ಗೊತ್ತು, ವೇದಾಂತಿಗಳು ಯಾಕೆ ಸಾವಿರಾರು ಪುಟ ಬರೆದರೆಂಬುದು.

ಶಿವಾಜಿನಗರದ ಒಂದು ಓಣಿಯಲ್ಲಿ ಐವತ್ತು ವರ್ಷದಿಂದ ಹೊಗೆಯ ಕೊಳವೆಗಳನ್ನೇ ಕಟ್ಟುತ್ತ ಬಂದ ಸಾಬರೊಬ್ಬರು ಸಿಕ್ಕಿದ್ದು ನನ್ನ ಪುಣ್ಯ. ಅವರು ನನ್ನ ಮಾತನ್ನೆಲ್ಲ ಕೇಳಿ, ಚಹಾದ ಲೋಟ ಕೆಳಗಿಟ್ಟು, “ಮಾಡಬಹುದು ಸ್ವಾಮಿ. ಆದರೆ ಏನು ನೋಡಿ ಮಾಡಲಿ?” ಎಂದರು.

ಅದೇ ಮುಖ್ಯವಾದ ಪ್ರಶ್ನೆ. ನೋಡುವುದಕ್ಕೆ ಒಂದು ಬೇಕು. ಕಂಪನಿಯ ಹಳೆಯ ಬಿಡಿಭಾಗಗಳ ಪಟ್ಟಿಯಲ್ಲಿ ಚಿತ್ರವೇನೋ ಇದೆ. ಬೆರಳಗಲದ ಚಿತ್ರದಿಂದ ತಿರುವಿನ ಕೋನವನ್ನು ತಿಳಿಯಲಾಗುವುದಿಲ್ಲ. ಕೊನೆಗೆ ಮೈಸೂರಿನಲ್ಲಿ ನಿವೃತ್ತ ಅಧ್ಯಾಪಕರೊಬ್ಬರ ಮನೆಯ ಹಿಂದೆ, ತೆಂಗಿನ ಗರಿಯ ಚಪ್ಪರದ ಕೆಳಗೆ, ಇಂಥದೇ ಒಂದು ಡಿಲೈಟು ದಶಕಗಳಿಂದ ನಿಂತಿದೆಯೆಂದು ತಿಳಿದು ಅಲ್ಲಿಗೆ ಹೋದೆವು. ಅದರ ಸೈಲೆನ್ಸರು ಕಾರ್ಖಾನೆಯದೇ. ಕೈ ತಾಗಿದರೆ ಉದುರುವ ಸ್ಥಿತಿ. ಉಪಯೋಗಕ್ಕೆ ಏನೇನೂ ಬಾರದು, ಆದರೆ ಓದುವುದಕ್ಕೆ ಬರುತ್ತಿತ್ತು. ಸಾಬರು ಕಾರಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿ, ದಪ್ಪ ತಂತಿಯನ್ನು ಕೊಳವೆಯ ಮಗ್ಗುಲಿಗೇ ಹಿಡಿದು, ಒಂದೊಂದು ತಿರುವನ್ನೂ ತಂತಿಗೆ ಕಲಿಸಿದರು. ವ್ಯಾಸ, ಉದ್ದ, ತೂಗುಪಟ್ಟಿಯ ಜಾಗ, ಅಂಚಿನ ಮಡಿಕೆ ಎಲ್ಲವನ್ನೂ ನಾನು ಕಾಗದದ ಮೇಲೆ ಬರೆದುಕೊಂಡೆ. ಅಧ್ಯಾಪಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, “ಇದು ಓಲೆಗರಿಯಿಂದ ಪಾಠ ಇಳಿಸಿಕೊಂಡ ಹಾಗಾಯಿತು” ಎಂದರು.

ಅವರ ಆ ಮಾತು ನನ್ನ ಜೊತೆ ಬೆಂಗಳೂರಿಗೂ ಬಂತು. ಪಂಪನ ಸ್ವಹಸ್ತದ ಓಲೆ ನಮಗೆ ಉಳಿದಿಲ್ಲ. ನಾವು ಓದುವುದು ಯಾರೋ ಲಿಪಿಕಾರನು, ಮತ್ತೆ ಯಾರದೋ ಪ್ರತಿಯನ್ನು ನೋಡಿ ಬರೆದ ಪ್ರತಿಯನ್ನು. ಹಾಗೆಂದು ನಾವು ಓದುತ್ತಿರುವುದು ಪಂಪನನ್ನಲ್ಲ ಎಂದು ಯಾರೂ ಹೇಳುವುದಿಲ್ಲ. ಓಲೆಯನ್ನು ಹುಳು ತಿನ್ನುತ್ತದೆ, ತಗಡನ್ನು ತುಕ್ಕು ತಿನ್ನುತ್ತದೆ. ಉಳಿಯುವುದು ಬರೆದ ವಸ್ತುವಲ್ಲ, ಬರೆದ ಕ್ರಮ. ಕಾವ್ಯವನ್ನೂ ಸೈಲೆನ್ಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ಪಂಡಿತರು ಮುನಿಯಬಾರದು. ನಾಶವಾಗುವ ಪದಾರ್ಥದ ಮೇಲೆ ನಾಶವಾಗಬಾರದ ಆಕಾರವನ್ನು ಹೊರಿಸುವ ಕಷ್ಟ ಎರಡು ಕಡೆಯೂ ಒಂದೇ.

ಕೆಲಸ ನಡೆದ ದಿನ ನಾನು ಅಲ್ಲಿಯೇ ಕುಳಿತಿದ್ದೆ. ಕೊಳವೆಯೊಳಗೆ ಮರಳು ತುಂಬಿ, ತಟ್ಟಿ ತಟ್ಟಿ ಗಟ್ಟಿಮಾಡಿ, ಎರಡು ಬಾಯಿಗೂ ಮರದ ಬಿರಡೆ ಜಡಿದರು. ಮರಳನ್ನು ಮೊದಲೇ ಬಾಣಲೆಯಲ್ಲಿ ಹುರಿದು ಒಣಗಿಸಿದ್ದರು. ಹಸಿ ಉಳಿದರೆ ಕಾಯಿಸುವಾಗ ಆವಿ ಹುಟ್ಟಿ ಬಿರಡೆ ಗುಂಡಿನ ಹಾಗೆ ಹಾರುತ್ತದಂತೆ. ಆಮೇಲೆ ಬಾಗಬೇಕಾದ ಜಾಗವನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ತಂತಿಯ ಅಳತೆಗೆ ಸರಿಯಾಗಿ ಮೆಲ್ಲಗೆ ಬಾಗಿಸಿದರು. ಒಳಮಗ್ಗುಲಿನ ಚಪ್ಪಟೆ ಎಷ್ಟು ಬೇಕೋ ಅಷ್ಟಕ್ಕೆ ಸುತ್ತಿಗೆಯಿಂದ ಎರಡೇ ಏಟು.

ಕೊಳವೆಯಾಯಿತು, ಡಬ್ಬಿಯ ವಿಚಾರ ಬಂತು. ಈಗಿನವರು ತಗಡನ್ನು ಸುತ್ತಿ ವೆಲ್ಡಿಂಗು ಹೊಡೆದು ಮುಗಿಸುತ್ತಾರೆ. ಮೈಸೂರಿನ ಸೈಲೆನ್ಸರಿನಲ್ಲಿ ವೆಲ್ಡಿಂಗಿರಲಿಲ್ಲ. ತಗಡಿನ ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಸಿ ಬಡಿದಿದ್ದರು. ಇದಕ್ಕೆ ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ಸಾಬರು ಪಕ್ಕದ ಬೀದಿಯಿಂದ ಟ್ರಂಕು ಮಾಡುವ ಮುದುಕರೊಬ್ಬರನ್ನು ಕರೆತಂದರು. ನಮ್ಮ ಅಜ್ಜಿಯರ ತಗಡಿನ ಟ್ರಂಕಿನಲ್ಲಿ ಇರುತ್ತಿದ್ದದ್ದೂ ಅದೇ ಮಡಿಕೆ. ಅವರು ಸೈಲೆನ್ಸರನ್ನು ಎಂದೂ ಮಾಡಿದವರಲ್ಲ. ಆದರೂ ಅರ್ಧ ಗಂಟೆಯಲ್ಲಿ ಮಡಿಕೆ ಮುಗಿಸಿ, “ಇದಕ್ಕೆ ಬೀಗ ಎಲ್ಲಿ ಹಾಕ್ತೀರಿ?” ಎಂದು ಕೇಳಿ ನಕ್ಕರು.

ಇನ್ನು ಒಳಗು. ಕಣ್ಣಿಗೆ ಕಾಣುವ ಭಾಗವನ್ನು ಅಸಲಿನ ಹಾಗೆ ಮಾಡುವುದು ಅರ್ಧ ಕೆಲಸ. ಸೈಲೆನ್ಸರಿನ ಜೀವ ಇರುವುದು ಕಾಣದ ಭಾಗದಲ್ಲಿ. ಅಮೆರಿಕದ ರೀವ್ಸ್ ಎಂಬ ಸೋದರರು 1897ರಲ್ಲಿ ಪೇಟೆಂಟು ಪಡೆದ ಕಾಲದಿಂದಲೂ ಇದರ ಮರ್ಮ ಹೆಚ್ಚು ಬದಲಾಗಿಲ್ಲ. ಒಂದು ಡಬ್ಬಿ, ಅದರೊಳಗೆ ಅಡ್ಡಗೋಡೆಗಳು, ತೂತು ಕೊರೆದ ಕೊಳವೆಗಳು. ಸದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತ, ಗೋಡೆಗೆ ಬಡಿದು ಹಿಂತಿರುಗುತ್ತ, ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ಸಿಡಿಯುತ್ತದೆ. ಅದು ಮಂದ್ರಸ್ಥಾಯಿಯ ಒಂದು ಶ್ರುತಿ. ಆ ಶ್ರುತಿಯ ಮೇಲೆ ಯಾವ ಸ್ವರಗಳು ಉಳಿಯಬೇಕು, ಯಾವುವು ಅಡಗಬೇಕು ಎಂಬುದನ್ನು ಗೊತ್ತುಮಾಡುವುದು ಕೋಣೆಗಳ ಅಳತೆ ಮತ್ತು ಕೊಳವೆಗಳ ಉದ್ದ. ವಿಯೆನ್ನಾದಲ್ಲಿ ಹುಟ್ಟಿ ಇಟಲಿಗೆ ಬಂದು ನೆಲೆಸಿದ ಕಾರ್ಲೊ ಅಬಾರ್ತ್ 1949ರಲ್ಲಿ ತನ್ನ ಸಂಸ್ಥೆ ಕಟ್ಟಿ, ಪುಟ್ಟ ಫಿಯೆಟ್ಟುಗಳಿಗೆ ಗಂಡು ದನಿ ಕೊಡುವ ಸೈಲೆನ್ಸರುಗಳನ್ನು ಮಾರಿಯೇ ಹೆಸರು ಮಾಡಿದ. ನಮ್ಮ ಬೆಂಗಳೂರಿನ ತರುಣರು ಈಗಲೂ ಮೋಟಾರುಬೈಕಿನ ಸೈಲೆನ್ಸರು ಕಿತ್ತು ಬೇರೆಯದನ್ನು ಹಾಕಿ ರಾತ್ರಿ ಹನ್ನೊಂದಕ್ಕೆ ಬೀದಿಯನ್ನೆಲ್ಲ ಎಬ್ಬಿಸುತ್ತಾರೆ. ಅವರಿಗೆ ಬೇಕಾದದ್ದು ಹೆಚ್ಚು ಸದ್ದು. ನನಗೆ ಬೇಕಾದದ್ದು ಒಂದು ನಿರ್ದಿಷ್ಟವಾದ ಸದ್ದು, ಮತ್ತು ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಸಾಕ್ಷಿಗಳನ್ನು ಕರೆಯಬೇಕಾಯಿತು. ಸೋದರಮಾವ, “ಗುಡುಗಿದ ಹಾಗಿತ್ತು” ಎಂದರು. ಎದುರುಮನೆಯ ಹಿರಿಯರು, “ಸದ್ದೇ ಇರುತ್ತಿರಲಿಲ್ಲ” ಎಂದರು. ಇಬ್ಬರೂ ಸತ್ಯವಂತರು. ನನ್ನ ತಾಯಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಗಿತ್ತು ಅಂತ ಹೇಳೋಕೆ ಬರೋಲ್ಲ ಕಣೋ. ಬೀದಿ ತಿರುವಿನಲ್ಲಿ ಬಂದಾಗಲೇ ಗೊತ್ತಾಗೋದು. ನಾನು ಕಾಫಿಗೆ ನೀರು ಇಡುತ್ತಿದ್ದೆ” ಎಂದರು.

ಅವರಿಗೆ ಈಗ ಎಂಬತ್ತೆಂಟು. ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಕಾರಿಗೆ ಬಣ್ಣ ಹಚ್ಚಿಸಿದಾಗ ಅವರು ಬಾನೆಟ್ಟಿನ ಮೇಲೆ ಕೈಯಾಡಿಸಿ “ನುಣುಪಾಗಿದೆ” ಎಂದಿದ್ದರು, ಅಷ್ಟೆ. ನಾನು ಇಷ್ಟು ದಿನ ಕಣ್ಣಿಗಾಗಿ ಮಾಡಿಸಿದ ಕೆಲಸದಲ್ಲಿ ಅವರ ಪಾಲಿಗೆ ಬಂದದ್ದು ಏನೂ ಇರಲಿಲ್ಲ. ಆ ಕಾರು ಅವರಿಗೆ ಎಂದಾದರೂ ಮರಳಿ ಬರುವುದಿದ್ದರೆ ಈ ಕೊಳವೆಯ ಬಾಯಿಂದಲೇ ಬರಬೇಕು.

ಮೈಸೂರಿನ ಅಧ್ಯಾಪಕರು ಸತ್ತ ಸೈಲೆನ್ಸರನ್ನು ನಮಗೆ ಕೊಟ್ಟುಬಿಟ್ಟಿದ್ದರು. ಸಾಬರು ಅದನ್ನು ಉದ್ದಕ್ಕೂ ಸೀಳಿ, ಒಳಗಿನ ಅಡ್ಡಗೋಡೆಗಳ ಅಂತರ ಅಳೆದು, ತುಕ್ಕು ತಿಂದು ಹಿಗ್ಗಿದ್ದ ತೂತುಗಳ ನಡುವೆ ಒಂದೆರಡು ಸರಿಯಾಗಿ ಉಳಿದಿದ್ದನ್ನು ಹುಡುಕಿ, ಅದರ ಪ್ರಮಾಣದಲ್ಲಿಯೇ ಹೊಸ ಕೊಳವೆಗೆ ತೂತು ಕೊರೆದರು. ಅದಕ್ಕೆ ಎರಡು ದಿನ ಹಿಡಿಯಿತು. “ಇಷ್ಟು ಯಾಕೆ ಸಾಬರೇ, ಒಳಗೆ ಯಾರು ನೋಡುತ್ತಾರೆ?” ಎಂದು ನಾನು ಪರೀಕ್ಷೆಗೆಂದು ಕೇಳಿದೆ. “ನೋಡೋರು ಇಲ್ಲ, ಕೇಳೋರು ಇದಾರಲ್ಲ ಸ್ವಾಮಿ” ಎಂದರು.

ಕಾರನ್ನು ಮನೆಗೆ ತಂದ ಸಂಜೆ ತಾಯಿ ಜಗುಲಿಯಲ್ಲಿ ಕುಳಿತಿದ್ದರು. ನಾನು ಎಂಜಿನ್ನು ನಿಲ್ಲಿಸಿ ಮೆಟ್ಟಿಲು ಹತ್ತಿದೆ. “ಅದೇ ಸದ್ದು” ಎಂದರು. ಸ್ವಲ್ಪ ತಡೆದು, “ಆದರೆ ನಿಮ್ಮಪ್ಪ ತಿರುವಿನಲ್ಲಿ ಗೇರು ಬದಲಾಯಿಸುತ್ತಿದ್ದದ್ದು ಹೀಗಲ್ಲ” ಎಂದರು. ಸೈಲೆನ್ಸರಿನ ಮೇಲೆ ಇನ್ನು ದೂರಿಲ್ಲ. ಉಳಿದದ್ದನ್ನು ಯಾವ ಓಣಿಯಲ್ಲಿಯೂ ಮಾಡಿಸಲಾಗುವುದಿಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಟ್ಯೂರಿನ್ನಿನ ಸನ್ನದು ಎಂಬುದೊಂದನ್ನು ಮಾಡಿಕೊಂಡಿದೆ. ಹಳೆಯ ಗುಡಿಗಳನ್ನು ಕಾಪಾಡುವವರ ವಿವೇಕವನ್ನೇ ಅದು ಕಾರುಗಳಿಗೂ ಅನ್ವಯಿಸುತ್ತದೆ. ಬದಲಿಸಿದ ಭಾಗಗಳ ಮೇಲೆ ಅಳಿಯದ ಗುರುತು ಹಾಕಿರಬೇಕೆಂಬುದು ಅದರ ಸಲಹೆ. ಇದನ್ನು ಕೇಳಿ ಸಾಬರಿಗೆ ಸಂತೋಷವಾಯಿತು. ತೂಗುಪಟ್ಟಿಯ ಮರೆಯಲ್ಲಿ ಉಳಿಯಿಂದ ವರ್ಷವನ್ನೂ, ತಮ್ಮ ಹೆಸರಿನ ಮೊದಲ ಅಕ್ಷರವನ್ನೂ, ಅದರ ಪಕ್ಕದಲ್ಲಿ ಟ್ರಂಕಿನವರ ಅಕ್ಷರವನ್ನೂ ಕೊರೆದರು. ಹಿಂದಿನ ಲಿಪಿಕಾರರೂ ಪ್ರತಿಯ ಕೊನೆಯಲ್ಲಿ ತಮ್ಮ ಹೆಸರು, ತಿಥಿ ಬರೆದು ತಪ್ಪಿದ್ದರೆ ಕ್ಷಮಿಸಬೇಕೆಂದು ಬೇಡುತ್ತಿದ್ದರು. ನಕಲಿಗೂ ಪ್ರತಿಗೂ ಇರುವ ಭೇದ ಇದೇ ಎಂದು ನನಗೆ ತೋರುತ್ತದೆ. ನಕಲು ತಾನೇ ಅಸಲೆಂದು ಹೇಳಿಕೊಂಡು ಮಾರಾಟವಾಗುತ್ತದೆ. ಪ್ರತಿ ತನ್ನ ಮೂಲ ಬೇರೆ ಇತ್ತೆಂದು ಹೇಳಿ, ಅದರ ಸೇವೆ ಮಾಡುತ್ತದೆ.

ಸಾಬರ ಮೊಮ್ಮಗ ವಿದ್ಯುತ್ ಸ್ಕೂಟರು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಆ ವಾಹನಗಳಿಗೆ ಸೈಲೆನ್ಸರೇ ಇಲ್ಲ. ಯೂರೋಪಿನಲ್ಲಿ ವಿದ್ಯುತ್ ಕಾರುಗಳು ತೀರ ನಿಶ್ಶಬ್ದವಾಗಿ ಬಂದು ಜನರ ಮೇಲೆ ಹೋಗಬಾರದೆಂದು, ನಿಧಾನವಾಗಿ ಚಲಿಸುವಾಗ ಕೃತಕವಾದ ಸದ್ದು ಮಾಡಬೇಕೆಂಬ ಕಾನೂನು 2019ರಿಂದ ಬಂದಿದೆಯಂತೆ. ಹುಡುಗನ ದಾರಿ ಸರಿಯಾದದ್ದೇ; ಊರಿನ ಗಾಳಿಗೂ ಒಳ್ಳೆಯದು. ಆದರೆ ನನ್ನ ಸೈಲೆನ್ಸರು ಮೆದು ಉಕ್ಕಿನದು. ಮೂಲದಂತೆ ಇದೂ ಹತ್ತು ಹದಿನೈದು ವರ್ಷಕ್ಕೆ ಒಳಗಿನಿಂದ ಕರಗುತ್ತದೆ. ಆಗ ಹುರಿದ ಮರಳನ್ನು ತುಂಬಿ ಬಾಗಿಸುವವರು ಯಾರು, ಮಡಿಕೆ ಬಡಿಯುವವರು ಯಾರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸಾಬರನ್ನು ಕೇಳಿದಾಗ, ಯಾರಾದರೂ ಬಂದು ಎರಡು ದಿನ ಪಕ್ಕದಲ್ಲಿ ಕುಳಿತರೆ ಹೇಳಿಕೊಡುತ್ತೇನೆ ಎಂದರು. ಇದುವರೆಗೆ ಯಾರೂ ಬಂದಿಲ್ಲ. ತಂತಿಯ ಅಚ್ಚನ್ನು ನಮ್ಮ ಕಾರುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಅಳತೆಯ ಕಾಗದವನ್ನು ನೋಂದಣಿ ಪುಸ್ತಕದೊಳಗೆ ಮಡಿಸಿಟ್ಟಿದ್ದೇನೆ. ಯಾರಿಗೆ ಬೇಕಾದರೂ ಪ್ರತಿಮಾಡಿಕೊಳ್ಳಬಹುದು.